ಸಾರು ನೋಡಿ ಬೌಲ್ ಆರಿಸಿ: ರಾಮೆನ್, ಫೋ, ಖಾವ್ ಸೋಯ್, ಲಕ್ಸಾ ಪೈಕಿ ನಿಮಗೆ ಯಾವುದು?

ನೂಡಲ್ಸ್ ಅಂಗಡಿ ಮುಂದೆ ನಿಂತಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಬೌಲಿನ ಮೇಲೆ ಜೋಡಿಸಿಟ್ಟ ಸಾಮಾನಿನ ಕಡೆ. ಅರ್ಧ ಸೀಳಿದ ಮೊಟ್ಟೆ, ಹೆಚ್ಚಿದ ಈರುಳ್ಳಿ ಸೊಪ್ಪು, ಎರಡು ತುಂಡು ಮಾಂಸ. ಜಪಾನಿನ ಫುಕುವೊಕಾದಲ್ಲಿ ಒಂದು ರಾತ್ರಿ ನಾನೂ ಅಕ್ಕನೂ ಹಾಗೇ ಮಾಡಿದೆವು. ಅಕ್ಕ ಮಾಂಸ ಬಿಟ್ಟು ಹತ್ತು ವರ್ಷವಾಗಿದೆ. ಟೋಕನ್ ಮೆಷಿನ್ ಮೇಲಿನ ಫೋಟೋಗಳಲ್ಲಿ ಮಾಂಸವೇ ಕಾಣದ ಬೌಲ್ ಒಂದಿತ್ತು. ಅಕ್ಕ ಅದನ್ನೇ ಒತ್ತಿದಳು.

ಬೌಲ್ ಬಂತು. ಸಾರು ಹಾಲಿನ ಹಾಗೆ ಬೆಳ್ಳಗಿತ್ತು. "ಕಾಯಿಹಾಲು ಹಾಕಿದ್ದಾರೆ ಕಣೇ" ಅಂತ ಖುಷಿಯಿಂದ ಚಮಚ ಎತ್ತಿಕೊಂಡಳು. ಅಷ್ಟರಲ್ಲಿ ನನ್ನ ಕಣ್ಣು ಒಲೆಯ ಮೇಲಿದ್ದ ದೊಡ್ಡ ಪಾತ್ರೆಯ ಕಡೆ ಹೋಯಿತು. ಅದರಲ್ಲಿ ಕುದಿಯುತ್ತಿದ್ದದ್ದು ಹಂದಿ ಮೂಳೆ. ಅಕ್ಕನ ಕೈ ಹಿಡಿದು ನಿಲ್ಲಿಸಿದೆ. ಆ ರಾತ್ರಿ ಅವಳು ಬಾಳೆಹಣ್ಣು ತಿಂದು ಮಲಗಿದಳು.

ಆಮೇಲಿನ ಪ್ರವಾಸಗಳಲ್ಲಿ ನಾವು ಆರಿಸುವ ಕ್ರಮವನ್ನೇ ಬದಲಾಯಿಸಿದೆವು. ಮೇಲಿಟ್ಟದ್ದನ್ನು ಪಕ್ಕಕ್ಕೆ ತೆಗೆದಿಡಬಹುದು. ದಪ್ಪ ನೂಡಲ್ಸ್ ಬದಲು ಸಣ್ಣದು ಕೇಳಬಹುದು. ಸಾರನ್ನು ಮಾತ್ರ ಬದಲಾಯಿಸಲು ಆಗುವುದಿಲ್ಲ. ಅದು ನಾವು ಊರಿಗೆ ಬರುವ ಮುಂಚೆಯೇ ಕುದಿಯಲು ಶುರುವಾಗಿರುತ್ತದೆ. ಹಾಗಾಗಿ ಸಾರು ಯಾವುದರಿಂದ ಬಂತು, ಎಷ್ಟು ಗಟ್ಟಿ, ಯಾವ ಹೊತ್ತಿಗೆ ತಿನ್ನುವಂಥದ್ದು, ಇವು ಮೊದಲ ಪ್ರಶ್ನೆಗಳು. ನಾನು ಮೀನು, ಕೋಳಿ, ಹಂದಿ ತಿನ್ನುತ್ತೇನೆ, ದನದ ಮಾಂಸ ತಿನ್ನುವುದಿಲ್ಲ. ಅಕ್ಕ ಏನೂ ತಿನ್ನುವುದಿಲ್ಲ. ಒಂದೇ ಮನೆಯಲ್ಲಿ ಇಂಥ ಎರಡು ಮೂರು ಥರದ ಊಟ ಇರುವವರಿಗೆ ಈ ಹೋಲಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರಾಮೆನ್: ಹೆಸರುಗಳ ಗೊಂದಲ ಮೊದಲು ಬಿಡಿಸೋಣ

ಶೋಯು, ಶಿಯೊ, ಮಿಸೊ, ಟೊಂಕೊತ್ಸು. ರಾಮೆನ್ ಅಂದ ಕೂಡಲೇ ಈ ನಾಲ್ಕು ಹೆಸರು ಸಾಲಾಗಿ ಬರುತ್ತವೆ. ನಾಲ್ಕೂ ನಾಲ್ಕು ಬಗೆಯ ಸಾರು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ಮೊದಲ ಮೂರು ಉಪ್ಪಿನ ರುಚಿಯ ಹೆಸರುಗಳು. ಬೌಲಿನ ತಳಕ್ಕೆ ಮೊದಲು ಒಂದು ಸೌಟು ಗಟ್ಟಿ ರಸ ಹಾಕುತ್ತಾರೆ, ಅದಕ್ಕೆ 'ತಾರೆ' ಅಂತಾರೆ. ಅದು ಸೋಯಾ ಸಾಸಿನದ್ದಾದರೆ ಶೋಯು, ಉಪ್ಪಿನದ್ದಾದರೆ ಶಿಯೊ, ಹುದುಗಿಸಿದ ಸೋಯಾ ಮುದ್ದೆಯದ್ದಾದರೆ ಮಿಸೊ. ಅದರ ಮೇಲೆ ಸುರಿಯುವ ಸಾರು ಬೇರೆಯೇ. ಟೊಂಕೊತ್ಸು ಅನ್ನುವುದು ಆ ಸಾರಿನ ಹೆಸರು: ಹಂದಿ ಮೂಳೆ.

ಇದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. 'ಮಿಸೊ ರಾಮೆನ್' ಎಂದು ಬರೆದಿದ್ದರೆ ಅದು ಸಸ್ಯಾಹಾರ ಅಂತ ಅರ್ಥವಲ್ಲ. ಸೋಯಾ ಮುದ್ದೆ ತಳದಲ್ಲಿರುತ್ತದೆ, ಮೇಲೆ ಸುರಿಯುವುದು ಸಾಮಾನ್ಯವಾಗಿ ಹಂದಿ ಅಥವಾ ಕೋಳಿ ಮೂಳೆಯ ಸಾರೇ.

ನೂಡಲ್ಸ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾಮೆನ್ ನೂಡಲ್ಸ್ ಗೋಧಿಯದ್ದು. ಆದರೆ ಅದರ ಹಳದಿ ಬಣ್ಣ, ಹಲ್ಲಿಗೆ ಸಿಗುವ ಬಿಗಿ, ಒಂದು ಥರ ವಿಶೇಷ ವಾಸನೆ ಬರುವುದು 'ಕಾನ್ಸುಯಿ' ಎಂಬ ಕ್ಷಾರದ ನೀರಿನಿಂದ. ನಾವು ಉದ್ದಿನ ಹಪ್ಪಳಕ್ಕೆ ಹಾಕುವ ಹಪ್ಪಳಖಾರದ ಜಾತಿಯದೇ ಅದು. ಕಾನ್ಸುಯಿ ಇಲ್ಲದಿದ್ದರೆ ಅದು ರಾಮೆನ್ ಆಗುವುದಿಲ್ಲ, ಉದೋನ್ ಅನ್ನುವ ಜಪಾನಿನ ದಪ್ಪ ಬಿಳಿ ಗೋಧಿ ನೂಡಲ್ಸ್ ಕಡೆಗೆ ವಾಲುತ್ತದೆ.

ಈಗ ಊರಿಂದ ಊರಿಗೆ ಹೋಲಿಸೋಣ.

ಫುಕುವೊಕಾದ್ದು ಹಕಾತಾ ರಾಮೆನ್. ಹಂದಿ ಮೂಳೆಯನ್ನು ಗಂಟೆಗಟ್ಟಲೆ ಜೋರು ಉರಿಯಲ್ಲಿ ಕುದಿಸಿದಾಗ ಕೊಬ್ಬು, ಮಜ್ಜೆ ಎಲ್ಲ ನೀರಿನಲ್ಲಿ ಬೆರೆತು ಸಾರು ಬೆಳ್ಳಗಾಗುತ್ತದೆ. ಬೆಂಗಳೂರಿನಲ್ಲಿ ಕಾಲು ಸೂಪ್ ಕುಡಿದವರಿಗೆ ತುಟಿ ಅಂಟುವ ಆ ಅನುಭವ ಗೊತ್ತಿರುತ್ತದೆ. ಇದು ಅದರ ಎರಡರಷ್ಟು. ಈ ಬಗೆ ಶುರುವಾದದ್ದು ಹತ್ತಿರದ ಕುರುಮೆ ಊರಲ್ಲಿ, 1937ರಲ್ಲಿ. ನೂಡಲ್ಸ್ ಸಣ್ಣದು, ನೆಟ್ಟಗಿರುತ್ತದೆ, ಬೇಗ ಬೇಯುತ್ತದೆ. ನಾಗಹಾಮಾದ ಮೀನು ಮಾರುಕಟ್ಟೆಯ ಕೆಲಸಗಾರರಿಗೆ ಕಾಯಲು ಪುರುಸೊತ್ತಿರಲಿಲ್ಲ, ಅದಕ್ಕೇ ಸಣ್ಣ ನೂಡಲ್ಸ್. ಸಣ್ಣದಾದ್ದರಿಂದ ಸಾರಿನಲ್ಲಿ ಬೇಗ ಮೆತ್ತಗಾಗುತ್ತದೆ. ಹಾಗಾಗಿ ಒಮ್ಮೆಗೆ ಸ್ವಲ್ಪವೇ ಕೊಡುತ್ತಾರೆ. ಮುಗಿಯುತ್ತಾ ಬಂದಾಗ 'ಕಾಯೆದಾಮಾ' ಅಂದರೆ ಇನ್ನೊಂದು ಉಂಡೆ ನೂಡಲ್ಸ್ ಅದೇ ಸಾರಿಗೆ ಬೀಳುತ್ತದೆ. ಸಾರು ಉಳಿಸಿಟ್ಟುಕೊಂಡಿರಬೇಕು ಅಷ್ಟೇ. ಎಷ್ಟು ಗಟ್ಟಿ ಬೇಕು ಅಂತಲೂ ಕೇಳುತ್ತಾರೆ: 'ಕಾತಾ' ಅಂದರೆ ಬಿಗಿ, 'ಫುತ್ಸೂ' ಅಂದರೆ ಸಾಧಾರಣ, 'ಯವಾ' ಅಂದರೆ ಮೆತ್ತಗೆ. ಮೊದಲ ಸಲ ಫುತ್ಸೂ ಸಾಕು.

ಸಪ್ಪೊರೊದ್ದು ಇದಕ್ಕೆ ಪೂರ್ತಿ ಬೇರೆ. ಉತ್ತರದ ಹೊಕ್ಕೈಡೊ ದ್ವೀಪ, ಹಿಮದ ಊರು. 1950ರ ದಶಕದಲ್ಲಿ ಅಲ್ಲಿ ಮಿಸೊ ರಾಮೆನ್ ಹುಟ್ಟಿತು. ಸಾರಿನ ಮೇಲೆ ಕೊಬ್ಬಿನ ಒಂದು ಪದರ ತೇಲುತ್ತದೆ. ಅದು ಮುಚ್ಚಳದ ಹಾಗೆ ಬಿಸಿಯನ್ನು ಹಿಡಿದಿಡುತ್ತದೆ. ನಾಲಿಗೆ ಸುಟ್ಟುಕೊಳ್ಳುವುದು ಸುಲಭ, ಜೋಪಾನ. ನೂಡಲ್ಸ್ ದಪ್ಪ, ಸುರುಳಿ ಸುರುಳಿ. ಮೇಲೆ ಜೋಳದ ಕಾಳು, ಬೆಣ್ಣೆ ಹಾಕುವುದೂ ಉಂಟು. ನಮ್ಮ ನಾಲಿಗೆಗೆ ಖಾರ, ಬೆಳ್ಳುಳ್ಳಿ, ಗಾಢ ರುಚಿ ಬೇಕಲ್ವಾ, ಮಾಂಸ ತಿನ್ನುವ ಕನ್ನಡಿಗರಿಗೆ ಮೊದಲ ರಾಮೆನ್ ಯಾವುದು ಅಂತ ಕೇಳಿದರೆ ನಾನು ಮಿಸೊ ಅನ್ನುತ್ತೇನೆ. ಟೊಂಕೊತ್ಸು ವಾಸನೆ ಕೆಲವರಿಗೆ ಮೊದಲ ಸಲ ಹಿಡಿಸುವುದಿಲ್ಲ. ಮಿಸೊ ಹಾಗಲ್ಲ.

ಅದೇ ದ್ವೀಪದ ಹಕೊಡಾತೆಯಲ್ಲಿ ಶಿಯೊ ರಾಮೆನ್. ಸಾರು ತಿಳಿ, ತಳ ಕಾಣುತ್ತದೆ. ಹಿಂದಿನ ದಿನ ಜಾಸ್ತಿ ತಿಂದು ಹೊಟ್ಟೆ ಭಾರವಾಗಿದ್ದರೆ ಇದೇ ಸರಿ. ಟೋಕಿಯೊದ ಹಳೆಯ ಶೈಲಿ ಶೋಯು, ಕೋಳಿ ಸಾರಿಗೆ ಸೋಯಾ ಸಾಸ್. 1910ರಲ್ಲಿ ಅಸಾಕುಸಾದಲ್ಲಿ ರೈರೈಕೆನ್ ಅನ್ನುವ ಅಂಗಡಿ ಚೀನಾದ ಅಡುಗೆಯವರನ್ನು ಇಟ್ಟುಕೊಂಡು ಇದನ್ನು ಜನಪ್ರಿಯ ಮಾಡಿತು. ಫುಕುಶಿಮಾ ಪ್ರಾಂತ್ಯದ ಕಿತಾಕಾತಾ ಊರಲ್ಲಿ ಬೆಳಿಗ್ಗೆ ತಿಂಡಿಗೇ ರಾಮೆನ್ ತಿನ್ನುತ್ತಾರೆ. ಅಗಲ ನೂಡಲ್ಸ್, ಹಗುರ ಸಾರು.

ಬಿಸಿಲ ಕಾಲದಲ್ಲಿ ಹೋದರೆ ತ್ಸುಕೆಮೆನ್ ನೋಡಿ. ತಣ್ಣಗೆ ತೊಳೆದ ದಪ್ಪ ನೂಡಲ್ಸ್ ಒಂದು ಕಡೆ, ಗಟ್ಟಿ ಸಾರು ಒಂದು ಕಡೆ. ಅದ್ದಿಕೊಂಡು ತಿನ್ನುವುದು. ಕೊನೆಗೆ ಉಳಿದ ಸಾರಿಗೆ ಬಿಸಿ ತಿಳಿಸಾರು ಬೆರೆಸಿ ಕೊಡುತ್ತಾರೆ, ಅದನ್ನು ಕುಡಿಯುವುದು.

ಒಂದೇ ದಿನ ಇದೆ, ಊರೂರು ಸುತ್ತಲು ಆಗುವುದಿಲ್ಲ ಅನ್ನುವವರಿಗೆ ಶಿನ್-ಯೊಕೊಹಾಮಾದ ರಾಮೆನ್ ಮ್ಯೂಸಿಯಂ ಇದೆ. 1994ರಲ್ಲಿ ತೆರೆದದ್ದು. ಒಳಗೆ 1958ರ ಬೀದಿಯಂತೆ ಕಟ್ಟಿದ್ದಾರೆ. ಮೊಮೊಫುಕು ಆಂಡೊ ಇನ್‌ಸ್ಟಂಟ್ ರಾಮೆನ್ ತಂದ ವರ್ಷ ಅದು. ಬೇರೆ ಬೇರೆ ಪ್ರಾಂತ್ಯದ ಅಂಗಡಿಗಳು ಒಂದೇ ಕಡೆ ಇವೆ, ಅರ್ಧ ಅಳತೆಯ ಬೌಲ್ ಸಿಗುತ್ತದೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಇಬ್ಬರು ಹೋದರೆ ಮೂರು ನಾಲ್ಕು ಬಗೆ ರುಚಿ ನೋಡಬಹುದು.

ಬೆಲೆ ಸಾಮಾನ್ಯವಾಗಿ 1,000 ಯೆನ್ ಆಸುಪಾಸು. ಎಷ್ಟೋ ಅಂಗಡಿಗಳಲ್ಲಿ ಬಾಗಿಲ ಹತ್ತಿರ ಟೋಕನ್ ಮೆಷಿನ್ ಇರುತ್ತದೆ. ಯಾವುದು ಒತ್ತುವುದು ತಿಳಿಯದಿದ್ದರೆ ಎಡಗಡೆ ಮೇಲಿನ ಮೂಲೆಯ ಬಟನ್ ನೋಡಿ, ಅಂಗಡಿಯವರು ತಮ್ಮ ಮುಖ್ಯ ಬೌಲನ್ನು ಸಾಮಾನ್ಯವಾಗಿ ಅಲ್ಲೇ ಇಡುತ್ತಾರೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಸೊರ್ ಎಂದು ಹೀರಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಎಲೆ ಊಟದಲ್ಲಿ ಸಾರು ಸುರಿದುಕೊಳ್ಳುವ ನಮಗೆ ಅದು ಹೊಸತೂ ಅಲ್ಲ. ಬಿ.ಪಿ. ಇರುವವರು ಸಾರನ್ನು ಪೂರ್ತಿ ಕುಡಿಯಬೇಡಿ. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯನ್ನು ಒಂದೇ ಬೌಲ್ ದಾಟಿಸಿಬಿಡಬಹುದು. ಸಾರು ಉಳಿಸಿದರೆ ಅಲ್ಲಿ ಯಾರಿಗೂ ಬೇಜಾರಿಲ್ಲ.

ಸಸ್ಯಾಹಾರಿಗೆ ಜಪಾನ್ ಏಕೆ ಕಷ್ಟ

"ನಿಕು ನಾಶಿ" ಅಂದರೆ ಮಾಂಸ ಬೇಡ ಅಂತ. ಅಷ್ಟು ಹೇಳಿದರೆ ಮೇಲಿನ ತುಂಡು ಮಾತ್ರ ತೆಗೆಯುತ್ತಾರೆ. ಅವರದ್ದು ಮೋಸವಲ್ಲ. ಸಾರು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ರಾಮೆನ್ ಬಿಟ್ಟು ಉದೋನ್ ಕಡೆ ಅಥವಾ ಸೋಬಾ ಅನ್ನುವ ಹುರುಳಿಗೋಧಿ (ಬಕ್‌ವೀಟ್) ನೂಡಲ್ಸ್ ಕಡೆ ಹೋದರೂ ಅದೇ ಕಥೆ. ಅವುಗಳ ಸಾರಿಗೆ ಆಧಾರ 'ದಾಶಿ'. ಅದು ಸಾಮಾನ್ಯವಾಗಿ ಹೊಗೆಯಲ್ಲಿ ಒಣಗಿಸಿದ ಮೀನಿನ ಚೂರು ಮತ್ತು ಕಡಲಪಾಚಿಯಿಂದ ಮಾಡಿದ್ದು. ತಣ್ಣನೆಯ ಸೋಬಾ ಜೊತೆ ಕೊಡುವ ಅದ್ದುವ ರಸದಲ್ಲೂ ಮೀನು ಇರುತ್ತದೆ. ಹಾಗಾಗಿ ಕೇಳಬೇಕಾದ ಪದ 'ದಾಶಿ'. ಬುತಾ ಅಂದರೆ ಹಂದಿ, ತೋರಿ ಅಂದರೆ ಕೋಳಿ, ಗ್ಯೂ ಅಂದರೆ ದನ, ಸಕಾನಾ ಅಂದರೆ ಮೀನು. ಈ ಐದು ಪದ ಫೋನಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ದಾರಿ ಇಲ್ಲವೇ ಇಲ್ಲ ಅಂತಲ್ಲ. ಟೋಕಿಯೊ ರೈಲು ನಿಲ್ದಾಣದ ಒಳಗೆ ಟೀಸ್ ತಾನ್‌ತಾನ್ ಅನ್ನುವ ಅಂಗಡಿ ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಎಳ್ಳಿನ ಗಟ್ಟಿ ಸಾರಿನ ರಾಮೆನ್ ಅವರ ಹೆಸರುವಾಸಿ ಬೌಲ್. ಅಕ್ಕ ಅಲ್ಲಿ ಮೊದಲ ಚಮಚ ಕುಡಿದು, "ಎಳ್ಳು ಹುರಿದು ಅರೆದಿದ್ದಾರೆ ಕಣೇ, ನಮ್ಮ ಗೊಜ್ಜಿನ ಥರಾನೇ" ಅಂದಳು. ಆ ಪ್ರವಾಸದಲ್ಲಿ ಅವಳು ಬೌಲ್ ಖಾಲಿ ಮಾಡಿದ್ದು ಅದೊಂದನ್ನೇ. ಹಗುರ ಸಾರಿಗೆ ಹೆಸರಾದ ಅಫುರಿ ಅಂಗಡಿಗಳಲ್ಲೂ ಸಸ್ಯದ ರಾಮೆನ್ ಒಂದಿದೆ.

ಮೀನು ತಿನ್ನುವವರಿಗೆ ಉದೋನ್ ಬಗ್ಗೆ ಒಂದು ಮಾತು. ಕಗಾವಾ ಪ್ರಾಂತ್ಯದ ಸನುಕಿ ಉದೋನ್ ಕೆಲವು ನೂರು ಯೆನ್ನಿಗೆ ಸಿಗುತ್ತದೆ. ಅಲ್ಲಿನ ದಾಶಿ ಒಣಗಿದ ಚಿಕ್ಕ ಮೀನಿನದ್ದು. ಕರಾವಳಿಯವರಿಗೆ ಒಣಮೀನಿನ ಆ ವಾಸನೆಯಲ್ಲಿ ಮನೆ ನೆನಪಾಗುತ್ತದೆ.

ಫೋ: ಬೆಳಗಿನ ಬೌಲ್

ರಾಮೆನ್ ಗಟ್ಟಿಯಾಗಲು ಹೊರಟರೆ, ವಿಯೆಟ್ನಾಮಿನ ಫೋ ತಿಳಿಯಾಗಲು ಹೊರಡುತ್ತದೆ. ಮೂಳೆಯನ್ನು ಸಣ್ಣ ಉರಿಯಲ್ಲಿ, ನೊರೆ ತೆಗೆಯುತ್ತಾ, ಬಹಳ ಹೊತ್ತು ಕುದಿಸುತ್ತಾರೆ. ಸುಟ್ಟ ಈರುಳ್ಳಿ, ಸುಟ್ಟ ಶುಂಠಿ ಹಾಕುತ್ತಾರೆ. ಆಮೇಲೆ ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿ. ವಾಸನೆ ಬಂದ ಕೂಡಲೇ ನಮಗೆ ಪಲಾವ್ ನೆನಪಾಗುತ್ತದೆ. ಬಾಯಿಗಿಟ್ಟರೆ ಖಾರವಿಲ್ಲ, ಮಸಾಲೆಯ ಗಾಢತನವಿಲ್ಲ, ಬರೀ ಪರಿಮಳ.

ನೂಡಲ್ಸ್ ಅಕ್ಕಿಯದ್ದು. ಅಕ್ಕಿ ಹಿಟ್ಟನ್ನು ಬಟ್ಟೆ ಮೇಲೆ ಹರಡಿ ಆವಿಯಲ್ಲಿ ಬೇಯಿಸುತ್ತಾರೆ. ನೀರುದೋಸೆಯಂಥ ಆ ತೆಳು ಹಾಳೆಯನ್ನು ಪಟ್ಟಿ ಪಟ್ಟಿ ಕತ್ತರಿಸುತ್ತಾರೆ. ವಿಯೆಟ್ನಾಮಿನ ಇನ್ನೊಂದು ಅಕ್ಕಿ ನೂಡಲ್ಸ್ 'ಬುನ್'. ಅದು ಗುಂಡಗೆ, ಹಿಟ್ಟನ್ನು ತೂತಿನಿಂದ ಒತ್ತಿ ಬೇಯಿಸಿದ್ದು. ಒತ್ತು ಶಾವಿಗೆ ತಿಂದು ಬೆಳೆದವರಿಗೆ ಬುನ್ ಪರಿಚಯ ಮಾಡಿಸಬೇಕಾಗಿಯೇ ಇಲ್ಲ.

ಉತ್ತರದ ಹನೋಯ್ ಫೋ, ದಕ್ಷಿಣದ ಸೈಗಾನ್ (ಈಗಿನ ಹೋ ಚಿ ಮಿನ್ ನಗರ) ಫೋ, ಎರಡರಲ್ಲಿ ಯಾವುದು? ಫೋ ಉತ್ತರದ್ದು, ಹನೋಯ್ ಮತ್ತು ನಾಮ್ ದಿನ್ ಕಡೆಯದ್ದು. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಹೋದರು, ಫೋ ಅವರ ಜೊತೆ ಹೋಗಿ ಅಲ್ಲಿ ಬೇರೂರಿತು. ಅಲ್ಲಿ ಸಾರು ಸ್ವಲ್ಪ ಸಿಹಿಯಾಯಿತು. ಪಕ್ಕದಲ್ಲಿ ಒಂದು ತಟ್ಟೆ ತುಂಬ ಕಾಮಕಸ್ತೂರಿ, ಮೊಳಕೆ ಕಾಳು, ನಿಂಬೆ, ಹಸಿಮೆಣಸು ಬಂತು. ನಮಗೆ ಬೇಕಾದ ಹಾಗೆ ಕಲಸಿಕೊಳ್ಳಬಹುದು. ಹನೋಯಲ್ಲಿ ಅಷ್ಟೆಲ್ಲ ಕೊಡುವುದಿಲ್ಲ. ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ಹಾಕಿದ ವಿನೆಗರ್, ಮೆಣಸು, ಅದ್ದಿಕೊಳ್ಳಲು ಕರಿದ ಹಿಟ್ಟಿನ ಕೋಲು. ಖಾರ ಹುಳಿ ಬೇಕು ಅನ್ನುವವರಿಗೆ ಸೈಗಾನ್. ಸಾರಿನ ರುಚಿಯನ್ನೇ ತಿಳಿಯಬೇಕು ಅನ್ನುವವರಿಗೆ ಹನೋಯ್. ನನ್ನ ಮತ ಹನೋಯಿಗೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸುಮ್ನೆ 'ಫೋ' ಅಂದರೆ ಸಾಮಾನ್ಯವಾಗಿ ದನದ ಮೂಳೆಯ ಸಾರು. 'ಬೋ' ಅಂದರೆ ದನ, 'ಗಾ' ಅಂದರೆ ಕೋಳಿ. ಫೋ ಗಾ ಬೇರೆಯೇ ಪಾತ್ರೆಯಲ್ಲಿ ಮಾಡುವ ಕೋಳಿ ಸಾರು. ಆದರೆ ಎರಡನ್ನೂ ಮಾರುವ ಅಂಗಡಿಯಲ್ಲಿ ಸಾರು ಒಂದೇ ಇರಬಹುದು. ಅದಕ್ಕೆ ನಾನು ಫೋ ಗಾ ಮಾತ್ರ ಮಾರುವ ಅಂಗಡಿ ಹುಡುಕಿ ಹೋಗುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಫುಟ್‌ಪಾತಿನ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು, ಸ್ಕೂಲು ಮಕ್ಕಳ ಪಕ್ಕದಲ್ಲಿ ತಿಂದ ಆ ಬೌಲ್ ನನಗೆ ಈವರೆಗಿನ ಎಲ್ಲಕ್ಕಿಂತ ಇಷ್ಟ. ಬೆಲೆ ಸುಮಾರು 50,000 ಡಾಂಗ್. ಸೊನ್ನೆ ನೋಡಿ ಹೆದರಬೇಡಿ, ನಮ್ಮ ಊರಿನ ಒಂದು ಸಾಧಾರಣ ಊಟದ ದುಡ್ಡು ಅದು.

ಅಕ್ಕನಿಗೆ ವಿಯೆಟ್ನಾಂ ಜಪಾನಿಗಿಂತ ಎಷ್ಟೋ ಸಲೀಸಾಯಿತು. 'ಚಾಯ್' ಅಂದರೆ ಅಲ್ಲಿ ಟೀ ಅಲ್ಲ, ಸಸ್ಯಾಹಾರ. 'ಕ್ವಾನ್ ಚಾಯ್' ಅಂದರೆ ಸಸ್ಯಾಹಾರಿ ಹೋಟೆಲ್. ಬೌದ್ಧ ಪದ್ಧತಿಯಂತೆ ಹುಣ್ಣಿಮೆಗೆ, ಹಾಗೆಯೇ ಅಮಾವಾಸ್ಯೆ ಮುಗಿದು ಹೊಸ ತಿಂಗಳು ಹುಟ್ಟುವ ದಿನ ಬಹಳ ಜನ ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಚಾಯ್ ಅಂಗಡಿಗಳು ತುಂಬಿರುತ್ತವೆ. ಫೋ ಚಾಯ್ ಸಾರು ಮೂಲಂಗಿ, ಕ್ಯಾರೆಟ್, ಅಣಬೆಯದ್ದು, ಮಸಾಲೆ ಅದೇ. ಮಾಮೂಲಿ ಅಂಗಡಿಯಲ್ಲಿ ತರಕಾರಿ ಫೋ ಕೇಳುವುದಕ್ಕಿಂತ ಚಾಯ್ ಅಂಗಡಿಗೇ ಹೋಗಿ. ಮಾಮೂಲಿ ಅಡುಗೆಯಲ್ಲಿ ಮೀನಿನ ಸಾಸ್ ನಮ್ಮ ಉಪ್ಪಿನ ಹಾಗೆ, ಕೈ ತಾನಾಗಿ ಅದರ ಕಡೆ ಹೋಗುತ್ತದೆ.

ಹುಯೆ ಊರಿನ ಬುನ್ ಬೋ ಹುಯೆ ಕೂಡ ಇದೆ. ಮಜ್ಜಿಗೆ ಹುಲ್ಲು, ಮೆಣಸಿನೆಣ್ಣೆ, ಸಿಗಡಿ ಗೊಜ್ಜು. ಖಾರದ ದೃಷ್ಟಿಯಿಂದ ನಮಗೆ ತುಂಬ ಹತ್ತಿರ, ಆದರೆ ಸಾರಿನಲ್ಲಿ ದನ, ಹಂದಿ ಎರಡೂ ಇರುತ್ತವೆ.

ಖಾವ್ ಸೋಯ್: ಕಾಯಿಹಾಲಿನ ಕಡೆ

ಫುಕುವೊಕಾದಲ್ಲಿ ಅಕ್ಕ ಅಂದುಕೊಂಡ ಕಾಯಿಹಾಲು ನಿಜವಾಗಿ ಸಿಕ್ಕಿದ್ದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ. ಖಾವ್ ಸೋಯ್ ಅಂದರೆ ತೆಂಗಿನ ಹಾಲು, ಅರಿಸಿನ ಬೆರೆತ ಮಸಾಲೆಯ ಸಾರು, ಅದರಲ್ಲಿ ಮೊಟ್ಟೆ ಹಾಕಿದ ಗೋಧಿ ನೂಡಲ್ಸ್. ಮೇಲೆ ಅದೇ ನೂಡಲ್ಸನ್ನು ಗರಿಗರಿ ಕರಿದು ಉದುರಿಸುತ್ತಾರೆ, ಚುರುಮುರಿ ಮೇಲೆ ಸೇವ್ ಹಾಕಿದಂತೆ. ಪಕ್ಕಕ್ಕೆ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಸಣ್ಣ ಈರುಳ್ಳಿ, ನಿಂಬೆ, ಎಣ್ಣೆಯಲ್ಲಿ ಹುರಿದ ಮೆಣಸಿನಪುಡಿ. ಚೀನಾದ ಯುನ್ನಾನ್ ಪ್ರಾಂತ್ಯದಿಂದ ಬಂದ ಮುಸ್ಲಿಂ ವ್ಯಾಪಾರಿಗಳ ಜೊತೆ ಈ ಅಡುಗೆಯ ನಂಟಿದೆ. ಇವತ್ತಿಗೂ ಚಿಯಾಂಗ್ ಮಾಯ್‌ನ ಮಸೀದಿ ಬೀದಿಯಲ್ಲಿ ಹಂದಿ ಇಲ್ಲದ ಖಾವ್ ಸೋಯ್ ಅಂಗಡಿಗಳಿವೆ. ಸಾಮಾನ್ಯವಾಗಿ ಕೋಳಿ ಕಾಲು ಹಾಕಿ ಕೊಡುತ್ತಾರೆ. ಕೋಳಿಗೆ 'ಕಾಯ್', ದನಕ್ಕೆ 'ನುಆ'.

ಮೊದಲ ಸಲ ವಿದೇಶಕ್ಕೆ ಹೋಗುವ ಅಪ್ಪ ಅಮ್ಮನಿಗೆ, ಮಕ್ಕಳಿಗೆ ಖಾವ್ ಸೋಯ್‌ಗಿಂತ ಒಳ್ಳೆಯ ಶುರುವಾತು ಇಲ್ಲ. ಅದರಲ್ಲಿ ಅಪರಿಚಿತ ರುಚಿಯೇ ಇಲ್ಲ ಅನ್ನಬಹುದು. ಮಧ್ಯಾಹ್ನದ ಊಟಕ್ಕೆ ಹೋಗಿ. ಒಳ್ಳೆಯ ಅಂಗಡಿಗಳು ಸಾರು ಮುಗಿದ ಕೂಡಲೇ, ಸಂಜೆಗೆ ಮುಂಚೆಯೇ ಬಾಗಿಲು ಹಾಕುತ್ತವೆ.

ಸಸ್ಯಾಹಾರಿಗಳು 'ಜೇ' ಅನ್ನುವ ಪದ ಕಲಿಯಿರಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬ್ಯಾಂಕಾಕಿನ ಬೋಟ್ ನೂಡಲ್ಸ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಪುಟ್ಟ ಪುಟ್ಟ ಬೌಲ್ ಗೋಪುರದ ಹಾಗೆ ಪೇರಿಸುವ ಫೋಟೋ ನೀವೂ ನೋಡಿರುತ್ತೀರಿ. ಆ ಕಪ್ಪು ಸಾರನ್ನು ಗಟ್ಟಿ ಮಾಡಲು ಹಂದಿಯ ಅಥವಾ ದನದ ರಕ್ತ ಬೆರೆಸುತ್ತಾರೆ. ಬೇಕೋ ಬೇಡವೋ ಮೊದಲೇ ತಿಳಿದು ನಿರ್ಧರಿಸಿ.

ಪಕ್ಕದ ಬರ್ಮಾದ ಮೊಹಿಂಗಾ ಇದೇ ಸಾಲಿಗೆ ಸೇರಬೇಕಾದ್ದು: ಮೀನಿನ ಸಾರಿಗೆ ಕಡಲೆ ಹಿಟ್ಟು ಕದಡಿ, ಬಾಳೆದಿಂಡು ಹಾಕಿ, ಅಕ್ಕಿ ಶಾವಿಗೆಯ ಮೇಲೆ ಸುರಿಯುತ್ತಾರೆ. ಬಾಳೆದಿಂಡನ್ನು ಬಿಡದೆ ತಿನ್ನುವ ಊರಿನವರಾದ ನಮಗೆ ಅದು ನೆಂಟರ ಮನೆಯ ಅಡುಗೆಯಿದ್ದಂತೆ.

ಲಕ್ಸಾ: ಒಂದೇ ಹೆಸರು, ಎರಡು ಸಾರು

ಮಲೇಷ್ಯಾ, ಸಿಂಗಾಪುರದಲ್ಲಿ 'ಲಕ್ಸಾ' ಅಂತ ಮಾತ್ರ ಹೇಳಿದರೆ ಸಾಲದು. ಕರಿ ಲಕ್ಸಾ ತೆಂಗಿನ ಹಾಲಿನದ್ದು, ಗಟ್ಟಿ, ಕೆಂಪು. ಅಸಂ ಲಕ್ಸಾ ಹುಳಿಯದ್ದು, ತೆಂಗಿನ ಹಾಲೇ ಇಲ್ಲ. ಎರಡಕ್ಕೂ ಹೆಸರು ಒಂದಾದರೂ ರುಚಿಯಲ್ಲಿ ಸಂಬಂಧವಿಲ್ಲ.

ಪೆನಾಂಗ್ ದ್ವೀಪದ ಅಸಂ ಲಕ್ಸಾ ಮೀನು ತಿನ್ನುವ ಕರಾವಳಿ, ಮಲೆನಾಡಿನವರು ಬಿಡಲೇಬಾರದ್ದು. ನಮ್ಮ ಬಂಗುಡೆಯ ಕುಲದ ಮೀನನ್ನೇ ಬೇಯಿಸಿ, ಮುಳ್ಳು ತೆಗೆದು, ಸಾರಿನಲ್ಲೇ ಹಿಸುಕುತ್ತಾರೆ. ಹುಳಿಗೆ ಹುಣಸೆ, ಜೊತೆಗೆ ಅಸಂ ಗೆಲುಗೂರ್ ಎಂಬ ಒಣಗಿದ ಕಾಯಿಯ ಹೋಳು. ಅದು ನಮ್ಮ ಉಪ್ಪಾಗೆ, ಪುನರ್ಪುಳಿಯ ಸ್ವಂತ ದಾಯಾದಿ. ಒಂದೇ ಕುಲದ ಮರಗಳು. ಮೇಲೆ ಅನಾನಸ್, ಸೌತೆ, ಪುದಿನ, ಶುಂಠಿ ಜಾತಿಯ ಒಂದು ಗುಲಾಬಿ ಹೂವಿನ ಚೂರು. ಕೊನೆಗೆ ಚಮಚದಲ್ಲಿ ಕಪ್ಪು ಸಿಗಡಿ ಗೊಜ್ಜು ಕೊಡುತ್ತಾರೆ. ಅದನ್ನು ಒಮ್ಮೆಗೇ ಕದಡಬೇಡಿ, ವಾಸನೆ ಜೋರು. ಸ್ವಲ್ಪ ಸ್ವಲ್ಪ ಬೆರೆಸಿ ನೋಡಿ. ಏರ್ ಇತಮ್ ಬಡಾವಣೆ ಇದಕ್ಕೆ ಹೆಸರುವಾಸಿ.

ಸಿಂಗಾಪುರದ ಕತೋಂಗ್ ಲಕ್ಸಾದಲ್ಲಿ ನೂಡಲ್ಸನ್ನು ಮೊದಲೇ ಚಿಕ್ಕದಾಗಿ ಕತ್ತರಿಸಿರುತ್ತಾರೆ. ಚಮಚ ಒಂದೇ ಸಾಕು. ಚಾಪ್‌ಸ್ಟಿಕ್ ಬರದವರಿಗೆ, ವಯಸ್ಸಾದವರಿಗೆ ನೆಮ್ಮದಿ.

ಕರಿ ಲಕ್ಸಾ ನೋಡಲು ತರಕಾರಿ ಕರಿಯಂತೆ ಇರುತ್ತದೆ, ಕರಿದ ತೋಫು ತೇಲುತ್ತಿರುತ್ತದೆ. ಆದರೆ ಅರೆದ ಮಸಾಲೆಯಲ್ಲೇ ಸಿಗಡಿ ಇರುತ್ತದೆ. ಸಿಗಡಿ ಅಲರ್ಜಿ ಇದ್ದವರೂ ದೂರ ಇರಬೇಕು. ಸಸ್ಯಾಹಾರಿ ಲಕ್ಸಾ ಬೇಕಿದ್ದರೆ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳಲ್ಲಿ ಕೇಳಿ. ಸಿಂಗಾಪುರದ ಹಾಕರ್ ಸೆಂಟರುಗಳಲ್ಲಿ, ಅಂದರೆ ಹತ್ತಾರು ಚಿಕ್ಕ ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಇರುವ ಜಾಗಗಳಲ್ಲಿ, ಅಂಥ ಅಂಗಡಿ ಕಾಣಸಿಗುತ್ತದೆ. ಒಂದೇ ಮೇಜಿನಲ್ಲಿ ಒಬ್ಬೊಬ್ಬರು ಒಂದೊಂದು ಅಂಗಡಿಯಿಂದ ತಂದು ತಿನ್ನುವ ಆ ಪದ್ಧತಿ ನಮ್ಮಂಥ ಕುಟುಂಬಕ್ಕೆ ಹೇಳಿ ಮಾಡಿಸಿದ ಹಾಗಿದೆ.

ತೈವಾನ್, ಲಾನ್‌ಜೋ, ಕೊರಿಯಾ

ತೈವಾನಿನ ಹೆಸರಾದ ಬೌಲ್ ದನದ ಮಾಂಸದ ನೂಡಲ್ಸ್. 1949ರ ನಂತರ ಚೀನಾದಿಂದ ಬಂದ ಸೈನಿಕರು, ಅವರ ಕುಟುಂಬಗಳು ಅದನ್ನು ಬೆಳೆಸಿದರು. ಅದಕ್ಕೂ ಮುಂಚಿನ ತೈವಾನಿನ ರೈತ ಮನೆಗಳಲ್ಲಿ ಉಳುಮೆಯ ಪ್ರಾಣಿಯನ್ನು ತಿನ್ನಬಾರದು ಅನ್ನುವ ನಡವಳಿಕೆ ಇತ್ತು. ಈಗಲೂ ಪಾಲಿಸುವವರಿದ್ದಾರೆ. ಹಾಗಾಗಿ "ದನದ ಮಾಂಸ ಬೇಡ" ಅಂದರೆ ಅಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ಸಸ್ಯಾಹಾರಿಗೆ ಮಾತ್ರ ಇಡೀ ಏಷ್ಯಾದಲ್ಲಿ ಮೊದಲ ಸ್ಥಾನ ತೈವಾನಿಗೆ ಕೊಡುತ್ತೇನೆ. 'ಸು' ಅಂದರೆ ಸಸ್ಯಾಹಾರ. ಎಷ್ಟೋ ಸಸ್ಯಾಹಾರಿ ಅಂಗಡಿಗಳ ಬೋರ್ಡಿನಲ್ಲಿ ಬೌದ್ಧರ ಸ್ವಸ್ತಿಕ ಇರುತ್ತದೆ, ದೂರದಿಂದಲೇ ಗುರುತು ಸಿಗುತ್ತದೆ. ಪ್ಯಾಕೆಟ್ ತಿಂಡಿಗಳ ಮೇಲೂ ಈರುಳ್ಳಿ ಬೆಳ್ಳುಳ್ಳಿ ಇರುವ ಸಸ್ಯಾಹಾರ, ಇಲ್ಲದ ಸಸ್ಯಾಹಾರ ಅಂತ ಬೇರೆ ಬೇರೆ ಬರೆದಿರುತ್ತಾರೆ. ಚಾತುರ್ಮಾಸ್ಯದ ವ್ರತ ಹಿಡಿಯುವ ಮನೆಯವರಿಗೂ ಅಲ್ಲಿ ದಾರಿ ಇದೆ. ಅಕ್ಕ ತೈಪೆಯಲ್ಲಿ ಒಂದು ದಿನವೂ ಯಾರನ್ನೂ ಬೇಡಿಕೊಳ್ಳದೆ ಬಿಸಿ ಸಾರು ಕುಡಿದಳು.

ಚೀನಾದ ಲಾನ್‌ಜೋ ಬೌಲಿಗೆ ಬಣ್ಣಗಳ ಲೆಕ್ಕವಿದೆ: ಸಾರು ತಿಳಿ, ಮೂಲಂಗಿ ಬಿಳಿ, ಮೆಣಸಿನೆಣ್ಣೆ ಕೆಂಪು, ಕೊತ್ತಂಬರಿ ಹಸಿರು, ನೂಡಲ್ಸ್ ಹಳದಿ. ಹ್ವೇ ಅನ್ನುವ ಚೀನೀ ಮುಸ್ಲಿಮರ ಅಡುಗೆ, ಹಂದಿ ಇರುವುದಿಲ್ಲ, ಸಾರು ದನದ್ದು. ಹಿಟ್ಟನ್ನು ಕೈಯಲ್ಲೇ ಎಳೆದು, ಮಡಚಿ, ಮತ್ತೆ ಎಳೆದು ನೂಡಲ್ಸ್ ಮಾಡುವುದನ್ನು ನಾನು ಸಾರು ಮುಟ್ಟದೆ ಸುಮ್ಮನೆ ನಿಂತು ನೋಡಿದ್ದೇನೆ. ಕೂದಲೆಳೆಯಿಂದ ಬೆಲ್ಟಿನ ಅಗಲದವರೆಗೆ, ಕೇಳಿದ ಅಳತೆಗೆ ಎಳೆದು ಕೊಡುತ್ತಾರೆ.

ಕೊರಿಯಾಕ್ಕೆ ಬೇಸಿಗೆಯಲ್ಲಿ ಹೋಗುವ ಸಸ್ಯಾಹಾರಿಗಳಿಗೆ ಕೋಂಗುಕ್ಸು. ಸೋಯಾ ಕಾಳು ನೆನೆಸಿ, ಬೇಯಿಸಿ, ಅರೆದ ತಣ್ಣನೆಯ ಹಾಲಿನಲ್ಲಿ ಗೋಧಿ ನೂಡಲ್ಸ್. ಉಪ್ಪನ್ನು ನಾವೇ ಹಾಕಿಕೊಳ್ಳಬೇಕು. ಪಕ್ಕದಲ್ಲಿ ಕೊಡುವ ಕಿಮ್ಚಿಯಲ್ಲಿ (ಹುದುಗಿಸಿದ ಖಾರದ ಎಲೆಕೋಸು) ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಸಿಗಡಿ ಇರುತ್ತದೆ, ಅದನ್ನು ಬಿಡಿ.

ಹಾಗಾದರೆ ಯಾವ ಊರಿಗೆ ಟಿಕೆಟ್?

ಎಲ್ಲ ತಿನ್ನುವವರು, ಒಂದೇ ತಿಂಡಿಯ ಒಳಗೆ ಎಷ್ಟು ವೈವಿಧ್ಯ ಇರಬಹುದು ಅಂತ ನೋಡಬೇಕೆನ್ನುವವರು ಜಪಾನಿಗೆ ಹೋಗಿ. ದನ ಬೇಡ, ಕೋಳಿ ಮೀನು ಸಾಕು ಅನ್ನುವವರಿಗೆ ಹನೋಯ್ ಮತ್ತು ಪೆನಾಂಗ್. ಹಂದಿ ಬೇಡದವರಿಗೆ ಚಿಯಾಂಗ್ ಮಾಯ್‌ನ ಮಸೀದಿ ಬೀದಿ, ಮಲೇಷ್ಯಾದ ಮಲಯ್ ಅಂಗಡಿಗಳು. ಪೂರ್ತಿ ಸಸ್ಯಾಹಾರಿಗಳಿಗೆ ತೈವಾನ್, ನಂತರ ವಿಯೆಟ್ನಾಂ. ಒಂದೇ ಕುಟುಂಬದಲ್ಲಿ ಎಲ್ಲ ಥರದವರೂ ಇದ್ದರೆ ಸಿಂಗಾಪುರ. ಖರ್ಚಿನ ಚಿಂತೆ ಇದ್ದರೆ ವಿಯೆಟ್ನಾಂ, ಥಾಯ್ಲೆಂಡ್ ಅಗ್ಗ. ಜಪಾನ್, ಸಿಂಗಾಪುರ ದುಬಾರಿ.

ದಿನಕ್ಕೆ ಎರಡು ಬೌಲಿಗಿಂತ ಜಾಸ್ತಿ ಬೇಡ. ಬೆಳಿಗ್ಗೆ ತಿಳಿ ಸಾರು, ಮಧ್ಯಾಹ್ನಕ್ಕೆ ಗಟ್ಟಿ. ರಾತ್ರಿ ಟೊಂಕೊತ್ಸು ತಿಂದು ಮಲಗಿದರೆ ಮರುದಿನದ ತಿಂಡಿಗೆ ಹಸಿವೇ ಇರುವುದಿಲ್ಲ.

ಹೊರಡುವ ಮುಂಚೆ ಬೈಲಕುಪ್ಪೆಗೆ ಒಮ್ಮೆ ಹೋಗಿಬನ್ನಿ. ಮೈಸೂರಿನಿಂದ ಸುಮಾರು 80 ಕಿಲೋಮೀಟರ್, ಕುಶಾಲನಗರದ ಪಕ್ಕ. 1961ರಿಂದ ಅಲ್ಲಿ ಟಿಬೆಟಿನವರು ನೆಲೆಸಿದ್ದಾರೆ. ಅವರ ತುಕ್ಪಾ ಇದೇ ಬಳಗದ ಬೌಲ್, ತರಕಾರಿಯದ್ದೂ ಸಿಗುತ್ತದೆ. ತೆಂತುಕ್ ಕೇಳಿದರೆ ಉದ್ದ ನೂಡಲ್ಸ್ ಬದಲು ಕೈಯಲ್ಲಿ ಹರಿದು ಹಾಕಿದ ಹಿಟ್ಟಿನ ಚೂರುಗಳು ಬರುತ್ತವೆ. ಚಾಪ್‌ಸ್ಟಿಕ್ ಹಿಡಿಯುವುದನ್ನು ಅಕ್ಕ ಕಲಿತದ್ದು ಅಲ್ಲೇ, ಗೋಲ್ಡನ್ ಟೆಂಪಲ್ ಹತ್ತಿರದ ಒಂದು ಚಿಕ್ಕ ಹೋಟೆಲಿನಲ್ಲಿ. ತೆಂತುಕ್ ಚೂರು ಜಾರುತ್ತದೆ, ಕಲಿಯಲು ಕಷ್ಟ. ನೀವು ಉದ್ದ ನೂಡಲ್ಸಿನ ತುಕ್ಪಾದಿಂದಲೇ ಶುರು ಮಾಡಿ.